ನಡುದಾರಿಯಲ್ಲಿ ಐದು ಗಂಟೆ

ಪ್ರಯಾಣವೆಂದೊಡನೆ ನಾವು ಹೊರಡುವ ಊರನ್ನೂ ಸೇರುವ ಊರನ್ನೂ ಮಾತ್ರ ಎಣಿಸುವೆವು. ಇವೆರಡರ ನಡುವೆ, ಒಂದು ಬಸ್ಸನ್ನಿಳಿದು ಮತ್ತೊಂದಕ್ಕೆ ಕಾಯಬೇಕಾದ ಊರೊಂದು ಇರುವುದುಂಟು. ಅದು ಯಾರ ಲೆಕ್ಕಕ್ಕೂ ಬಾರದು. ಅಲ್ಲಿ ಕಳೆಯುವ ನಾಲ್ಕೈದು ಗಂಟೆಗಳು ನಿಲ್ದಾಣದ ಬೆಂಚಿನ ಮೇಲೆ ಆಕಳಿಸುವುದರಲ್ಲಿ ಸವೆದುಹೋಗುವುವು. ಜೊತೆಯಲ್ಲಿ ಮಗುವೊಂದಿದ್ದರೆ ಅದಕ್ಕೆ ಬಿಸ್ಕತ್ತಿನ ಪೊಟ್ಟಣವನ್ನೂ, ಈಚಿನ ದಿನಗಳಲ್ಲಿ ಮೊಬೈಲು ಫೋನನ್ನೂ ಕೊಟ್ಟು ಕೂರಿಸುವುದು ವಾಡಿಕೆಯಾಗಿದೆ. ಇದಕ್ಕೆ ವಿರುದ್ಧವಾದ ಮತ್ತೊಂದು ತಪ್ಪೂ ಉಂಟು. ಸಿಕ್ಕಿದ ಅಷ್ಟೇ ಹೊತ್ತಿನಲ್ಲಿ ಊರನ್ನೆಲ್ಲ ತೋರಿಸಿಬಿಡುವೆವೆಂದು ಮಗುವನ್ನು ಎಳೆದಾಡುವುದೇ ಅದು. ಮೊದಲನೆಯದು ಸೋಮಾರಿಯ ತಪ್ಪು. ಎರಡನೆಯದು ವಿದ್ಯಾವಂತನ ತಪ್ಪು. ಈ ಎರಡನೆಯದನ್ನು ನಾವೇ ಮಾಡಿದವರಾದುದರಿಂದ, ಅದರ ವಿಷಯವಾಗಿ ನಾಲ್ಕು ಮಾತು ಬರೆಯಲು ನಮಗೆ ಅಧಿಕಾರವುಂಟೆಂದು ಭಾವಿಸುವೆವು.

ನಮ್ಮದು ವೇದಾವತೀ ತೀರದ ಹಿರಿಯೂರು. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯು ಇಲ್ಲಿ ಹಾದುಹೋಗುವುದು. ಶಿವಮೊಗ್ಗೆಯ ಕಡೆಗೆ ಹೋಗತಕ್ಕವರು ಇದೇ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರು ಹೋಗಿ ಚಿತ್ರದುರ್ಗದಲ್ಲಿ ಇಳಿದು, ಅಲ್ಲಿ ಬಸ್ಸು ಬದಲಾಯಿಸಿ ಹೊಳಲ್ಕೆರೆಯ ಮಾರ್ಗವಾಗಿ ಸಾಗುವುದು ಅನುಕೂಲ. ಕಳೆದ ದಸರೆಯ ರಜೆಯಲ್ಲಿ ನಮ್ಮ ಮೊಮ್ಮಗನು ಹದಿನೈದು ದಿನ ನಮ್ಮೊಡನಿದ್ದನು. ಒಂಬತ್ತು ವರ್ಷದ ಹುಡುಗ. ಅವನ ತಂದೆ, ಎಂದರೆ ನಮ್ಮ ಮಗ, ಶಿವಮೊಗ್ಗೆಯಲ್ಲಿ ಉದ್ಯೋಗದಲ್ಲಿದ್ದವನು; ಅವನಿಗೆ ಪುಣೆಗೆ ವರ್ಗವಾಗಿತ್ತು. ದೀಪಾವಳಿ ಕಳೆದೊಡನೆ ಸಂಸಾರವೆಲ್ಲ ಅಲ್ಲಿಗೆ ಹೊರಡತಕ್ಕದ್ದಾಗಿತ್ತು. ರಜೆ ಮುಗಿದ ಮೇಲೆ ಹುಡುಗನನ್ನು ಶಿವಮೊಗ್ಗೆಗೆ ತಲಪಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ಮಧ್ಯಾಹ್ನ ಒಂದು ಗಂಟೆಗೆ ದುರ್ಗದಿಂದ ಹೊರಡುವ ಬಸ್ಸಿನಲ್ಲಿ ಮಗನು ನಮಗಿಬ್ಬರಿಗೂ ಸ್ಥಳ ಕಾದಿರಿಸಿದ್ದನು. ನಾವಾದರೋ ಬೇಕೆಂದೇ ಬೆಳಗಿನ ಬಸ್ಸನ್ನು ಹಿಡಿದು ಎಂಟು ಗಂಟೆಗೆಲ್ಲ ದುರ್ಗವನ್ನು ಸೇರುವ ಏರ್ಪಾಡು ಮಾಡಿಕೊಂಡೆವು. ಹುಡುಗನು ಕನ್ನಡದ ನಾಡನ್ನು ಬಿಟ್ಟು ಹೋಗುವುದಕ್ಕೆ ಮುಂಚೆ ಕಲ್ಲಿನ ಕೋಟೆಯನ್ನು ಒಮ್ಮೆ ನೋಡಲಿ ಎಂಬುದೇ ನಮ್ಮ ಆಸೆ.

ಹಿಂದಿನ ರಾತ್ರಿ ಮಗನು ಫೋನು ಮಾಡಿದನು. “ಅಪ್ಪಾ, ದುರ್ಗದಲ್ಲಿ ಐದು ಗಂಟೆ ಇರುತ್ತೀರಂತೆ. ಕೋಟೆ ತೋರಿಸಿ, ನಾನೇನೂ ಬೇಡವೆನ್ನುವುದಿಲ್ಲ. ಆದರೆ ಅವನಿಗೆ ಪಾಠ ಮಾಡಬೇಡಿ” ಎಂದನು.

ಮಾತು ಮೃದುವಾಗಿಯೇ ಇತ್ತು. ಆದರೂ ಅದು ನಾಟಿದ ಸ್ಥಳವನ್ನು ನಾವು ಬಲ್ಲೆವು.

ಇಪ್ಪತ್ತೊಂಬತ್ತು ವರ್ಷಗಳ ಹಿಂದೆ, ಇದೇ ಮಗನು ಎಂಟು ವರ್ಷದವನಾಗಿದ್ದಾಗ, ದಾವಣಗೆರೆಯಲ್ಲಿ ಬಂಧುಗಳ ಮನೆಯ ಮದುವೆಗೆ ಹೋಗುವ ದಾರಿಯಲ್ಲಿ ನಾವು ಅವನನ್ನು ಕರೆದುಕೊಂಡು ದುರ್ಗದಲ್ಲಿ ಇಳಿದಿದ್ದೆವು. ಮನೆಯಾಕೆಯೂ ಸಾಮಾನುಗಳೂ ಮುಂದೆ ಹೋಗಿದ್ದರು. ನಮಗೆ ಆರು ಗಂಟೆಗಳ ಬಿಡುವಿದ್ದಿತು. ಆಗ ನಮಗೆ ಮೂವತ್ತೆರಡೋ ಮೂವತ್ತಮೂರೋ ವಯಸ್ಸು. ಓದಿದ್ದೆಲ್ಲ ಬಾಯಲ್ಲಿ ತುಂಬಿಕೊಂಡಿದ್ದ ಕಾಲ. ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ಎಣಿಸಿದೆವು. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ, ಹೊಂಡಗಳು, ಬತೇರಿಗಳು, ಯಾವುದನ್ನೂ ಬಿಡಲಿಲ್ಲ. ಅಲ್ಲಿಂದ ಇಳಿದು, ಮಯೂರಶರ್ಮನ ಶಾಸನವಿರುವ ಚಂದ್ರವಳ್ಳಿಗೂ ಬಿಸಿಲಿನಲ್ಲೇ ನಡೆಸಿದೆವು. ನಾಯಕರ ವಂಶಾವಳಿಯನ್ನು ಹೇಳಿಕೊಟ್ಟು, ತಿರುಗಿ ಒಪ್ಪಿಸೆಂದು ಕೇಳಿದೆವು. ಹುಡುಗನು ಹೊಸ ಚಪ್ಪಲಿ ಹಾಕಿಕೊಂಡಿದ್ದನು. ಅದು ಎರಡು ಕಾಲನ್ನೂ ಕಚ್ಚಿ ಬೊಬ್ಬೆ ಎದ್ದಿದ್ದುವು. ಹೇಳಿದರೆ ತಂದೆ ಗದರುವನೆಂದು ಅವನು ಹೇಳಲೇ ಇಲ್ಲ. ರಾತ್ರಿ ಮದುವೆಯ ಮನೆಯಲ್ಲಿ ಜ್ವರ ಬಂದಿತು. ಅವನ ಪಾದಗಳನ್ನು ನೋಡಿದ ಮನೆಯಾಕೆ ಒಂದೇ ಮಾತು ಕೇಳಿದಳು: “ಮಗುವಿಗೆ ಕೋಟೆ ತೋರಿಸಲು ಹೋದಿರೋ, ಪರೀಕ್ಷೆ ಮಾಡಲು ಹೋದಿರೋ?”

ಅಂದಿನಿಂದ ಇಂದಿನವರೆಗೆ ಆ ಮಗನು ದುರ್ಗದ ಕೋಟೆಯನ್ನು ಹತ್ತಿಲ್ಲ. ಅದರ ಬುಡದಲ್ಲೇ ನೂರಾರು ಬಾರಿ ಹಾದುಹೋಗಿರುವನು, ತಲೆಯೆತ್ತಿ ನೋಡಿದವನಲ್ಲ. ನಾವು ಪಾಠಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಅಕ್ಷರ ಕಲಿಸಿದೆವೆಂದು ಹೇಳಿಕೊಳ್ಳಬಹುದು. ಆದರೆ ನಮ್ಮ ಸ್ವಂತ ಮಗನಿಗೆ ಒಂದು ಬೆಟ್ಟವನ್ನೇ ಇಲ್ಲವಾಗಿಸಿದೆವು ಎಂಬುದನ್ನೂ ಒಪ್ಪಿಕೊಳ್ಳಬೇಕಾಗಿದೆ.

ಸಂಸ್ಕೃತದಲ್ಲಿ ಸ್ಥಾಲೀಪುಲಾಕ ನ್ಯಾಯವೆಂದು ಒಂದುಂಟು. ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಗೃಹಿಣಿಯು ಪಾತ್ರೆಯ ಅಗುಳನ್ನೆಲ್ಲ ಹಿಸುಕುವುದಿಲ್ಲ. ಒಂದನ್ನು ಹಿಸುಕಿ ನೋಡುವಳು. ಈ ನ್ಯಾಯವನ್ನು ನಾವು ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಪಾಠ ಹೇಳಿದೆವು. ಆದರೆ ನಮ್ಮ ಮನೆಯ ಅಡಿಗೆಯ ಮನೆಯಲ್ಲಿ ಅದು ದಿನವೂ ನಡೆಯುತ್ತಿದ್ದರೂ, ಊರು ತೋರಿಸುವ ಸಂದರ್ಭದಲ್ಲಿ ಅದು ನಮಗೆ ನೆನಪಾಗಲಿಲ್ಲ. ಈ ಸಾರಿ ಒಂದೇ ಅಗುಳನ್ನು ಹಿಡಿಯುವುದೆಂದು ನಿಶ್ಚಯಿಸಿದೆವು.

ಮೊದಲು ಹೊತ್ತಿನ ಲೆಕ್ಕ ಹಾಕಿದೆವು. ಬಸ್ಸುಗಳ ನಡುವೆ ಐದು ಗಂಟೆ. ಹೊರಡುವ ಬಸ್ಸಿಗೆ ಒಂದು ಗಂಟೆ ಮುಂಚೆ ನಿಲ್ದಾಣದಲ್ಲಿರತಕ್ಕದ್ದು; ಉಳಿದದ್ದು ನಾಲ್ಕು. ಉಪಾಹಾರಕ್ಕೆ ಅರ್ಧ ಗಂಟೆ, ಆಟೋದಲ್ಲಿ ಕೋಟೆಗೆ ಹೋಗಿ ಬರಲು ಅರ್ಧ ಗಂಟೆ, ಉಳಿದದ್ದು ಮೂರು. ಮಗುವಿನೊಡನೆ ಹೋಗುವವನು ಇದರಲ್ಲಿ ಮೂರನೆಯ ಒಂದು ಪಾಲನ್ನು ನೀರು ಕುಡಿಯುವುದಕ್ಕೆ, ಕುಳಿತುಕೊಳ್ಳುವುದಕ್ಕೆ, ಬಹಿರ್ದೆಶೆಗೆ, ಕೋತಿಯನ್ನು ನೋಡುತ್ತ ನಿಲ್ಲುವುದಕ್ಕೆ ಬಿಡತಕ್ಕದ್ದು. ಉಳಿಯುವುದು ಎರಡೇ ಗಂಟೆ. ಐದು ಗಂಟೆಯ ಬಿಡುವೆಂದರೆ ಎರಡು ಗಂಟೆಯ ನೋಟ. ಈ ಲೆಕ್ಕವನ್ನು ಹೊರಡುವ ಮುಂಚೆಯೇ ಮಾಡಿಕೊಂಡವನು ದಾರಿಯಲ್ಲಿ ಮಗುವನ್ನು ಗದರುವುದಿಲ್ಲ.

ಎರಡನೆಯದಾಗಿ ಹೊರೆಯನ್ನು ಕಳೆದೆವು. ಹುಡುಗನ ಬಟ್ಟೆಬರೆಯ ಪೆಟ್ಟಿಗೆಯನ್ನು ಮುಂಚಿತವಾಗಿಯೇ ಶಿವಮೊಗ್ಗೆಗೆ ಹೋಗುವ ಪರಿಚಿತರ ಕಾರಿನಲ್ಲಿ ಕಳುಹಿಸಿದ್ದೆವು. ನಮ್ಮ ಹೆಗಲಿನಲ್ಲಿ ಒಂದು ಚೀಲ. ಅದರಲ್ಲಿ ಎರಡು ಸೀಸೆ ನೀರು, ಒಂದು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ, ಟವೆಲು, ಟೋಪಿ. ಮೂಟೆ ಹೊತ್ತವನಿಗೆ ಮೂಟೆಯಲ್ಲದೆ ಬೇರೇನೂ ಕಾಣದು. ಹುಡುಗನ ಕಾಲಿಗೆ ಹಳೆಯ, ಪಳಗಿದ ಬೂಟು. ಇದನ್ನು ಮನೆಯಾಕೆ ತಾನೇ ಬಾಗಿಲಲ್ಲಿ ಕುಳಿತು ಪರೀಕ್ಷಿಸಿ ನೋಡಿದಳೆಂದು ಹೇಳಬೇಕಾಗಿಲ್ಲ.

ಎಂಟು ಗಂಟೆಗೆ ದುರ್ಗದಲ್ಲಿಳಿದು, ಇಡ್ಲಿ ತಿಂದು, ಕೋಟೆಯ ಬಾಗಿಲನ್ನು ಸೇರಿದೆವು. ಕೋಟೆಯು ಕೇಂದ್ರ ಸರಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವುದು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶಶುಲ್ಕವಿಲ್ಲ. ಟಿಕೆಟು ಕೊಳ್ಳುವಾಗ ಹುಡುಗನಿಗೆ ಹೇಳಿದೆವು: “ಇದು ಏಳು ಸುತ್ತಿನ ಕೋಟೆ, ಮಗು. ಎಲ್ಲವನ್ನೂ ನೋಡಲು ಇಂದು ಆಗದು. ಒಂದೇ ಒಂದು ಜಾಗ ನೋಡಿಕೊಂಡು ಬರೋಣ. ಯಾವುದು ಬೇಕು, ನೀನೇ ಹೇಳು.”

ಅವನು ಒಂದು ನಿಮಿಷವೂ ಯೋಚಿಸಲಿಲ್ಲ. “ಓಬವ್ವನ ಕಿಂಡಿ, ತಾತ” ಎಂದನು. 1972ರಲ್ಲಿ ತೆರೆಗೆ ಬಂದ ‘ನಾಗರಹಾವು’ ಚಲಚ್ಚಿತ್ರದಲ್ಲಿನ ಓಬವ್ವನ ಪ್ರಸಂಗವನ್ನು ಅವನು ಫೋನಿನಲ್ಲಿ ನೋಡಿದ್ದನಂತೆ. ನಾವು ದೂರುವ ಆ ಯಂತ್ರವೂ ಒಮ್ಮೊಮ್ಮೆ ಹಿರಿಯರ ಕೆಲಸವನ್ನು ಮಾಡುವುದುಂಟು.

ಮೊದಲ ಬಾಗಿಲಿನ ಬಳಿಯ ಗೋಡೆಯಲ್ಲಿ ಕೆತ್ತಿರುವ ಹೆಡೆಯೆತ್ತಿದ ನಾಗನನ್ನು ಮುಟ್ಟಿ ನೋಡಿ, ಹುಡುಗನು ಓಡತೊಡಗಿದನು. ಒಂದು ತಿರುವಿನಲ್ಲಿ ಗೋಡೆಗೆ ಹೋಗಿ ತಾಗುವುದರಲ್ಲಿದ್ದವನು ನಿಂತನು. ಮತ್ತೆ ಓಡಿದನು, ಮತ್ತೊಂದು ತಿರುವು. ತಿರುಗಿ ಬಂದು, “ತಾತ, ಇಲ್ಲಿ ನೆಟ್ಟಗೆ ಓಡುವುದಕ್ಕೇ ಆಗುವುದಿಲ್ಲ” ಎಂದು ದೂರಿದನು. ದುರ್ಗರಚನೆಯನ್ನು ಕುರಿತು ಅರ್ಥಶಾಸ್ತ್ರದಿಂದ ಆರಂಭಿಸಲು ನಮ್ಮ ನಾಲಗೆ ತುದಿಯಲ್ಲಿ ವಾಕ್ಯವೊಂದು ಸಿದ್ಧವಾಗಿತ್ತು. ಮಗನ ಮಾತು ನೆನಪಾಯಿತು. ಸುಮ್ಮನೆ, “ಹೌದಲ್ಲ! ನೀನೇ ಓಡಲಾರೆ, ಆನೆ ಹೇಗೆ ಓಡೀತು?” ಎಂದೆವು. ಹುಡುಗನು ಬಾಗಿಲನ್ನೂ ತಿರುವನ್ನೂ ಗೋಡೆಯ ಎತ್ತರವನ್ನೂ ನೋಡಿದನು. “ಓಹೋ! ಆನೆ ಓಡಿಬಂದು ಬಾಗಿಲು ಗುದ್ದಬಾರದು ಅಂತ!” ಎಂದು ಕೂಗಿದನು. ನಾವು ಅರ್ಧ ಗಂಟೆ ಹೇಳಿದ್ದರೂ ಕಿವಿಯಲ್ಲಿ ಮಾತ್ರ ನಿಲ್ಲುತ್ತಿದ್ದ ಸಂಗತಿ ಅವನ ಕಾಲಿಗೆ ತಾನಾಗಿ ತಿಳಿಯಿತು.

ಮುಂದೆ ಮದ್ದು ಅರೆಯುವ ಕಲ್ಲುಗಳು ಸಿಕ್ಕವು. ತಗ್ಗಿನಲ್ಲಿ ಕೂರಿಸಿರುವ ಆ ದೈತ್ಯಾಕಾರದ ಬೀಸುವ ಕಲ್ಲುಗಳನ್ನು ಪ್ರಾಣಿಗಳನ್ನು ಕಟ್ಟಿ ತಿರುಗಿಸಿ, ತೋಪು ಕೋವಿಗಳ ಮದ್ದನ್ನು ಸಿದ್ಧಪಡಿಸುತ್ತಿದ್ದರೆಂದು ಹೇಳುವರು. ಹುಡುಗನು ಕಟ್ಟೆಯ ಮೇಲಿಂದ ಬಗ್ಗಿ ನೋಡಿ, “ಇಷ್ಟು ದೊಡ್ಡ ಕಲ್ಲಿನಲ್ಲಿ ಯಾವ ಅಜ್ಜಿ ಬೀಸುತ್ತಿದ್ದಳು, ತಾತ?” ಎಂದು ಕೇಳಿದನು. ಅಲ್ಲಿದ್ದ ಇಬ್ಬರು ಪ್ರವಾಸಿಗಳೂ ನಾವೂ ಒಟ್ಟಿಗೆ ನಕ್ಕೆವು.

ಅಲ್ಲಿಂದ ಒನಕೆ ಕಿಂಡಿಯ ಕಡೆಗೆ ತಿರುಗಿದೆವು. ಕಿಂಡಿಯ ಸಮೀಪದಲ್ಲಿ ತಣ್ಣೀರು ದೋಣಿ ಎಂಬ ಸಣ್ಣ ಜಲಸ್ಥಾನವಿರುವುದು. ಕಥೆ ನಮ್ಮ ನಾಡಿನ ಮನೆಮನೆಗೂ ತಿಳಿದದ್ದು. ಹೈದರಾಲಿಯ ಸೈನ್ಯ ದುರ್ಗವನ್ನು ಮುತ್ತಿದ್ದ ಕಾಲ. ಕಾವಲುಗಾರನು ಊಟಕ್ಕೆಂದು ಮನೆಗೆ ಬಂದಿದ್ದಾಗ, ಅವನಿಗೆ ಕುಡಿಯುವ ನೀರು ತರಲು ಹೋದ ಹೆಂಡತಿ ಓಬವ್ವನಿಗೆ ಬಂಡೆಗಳ ಸಂದಿನಲ್ಲಿ ಪಿಸುಮಾತು ಕೇಳಿಸಿತು. ಶತ್ರುಗಳು ಒಬ್ಬೊಬ್ಬರಾಗಿ ಕಿಂಡಿಯಲ್ಲಿ ನುಸುಳುತ್ತಿದ್ದರು. ಉಣ್ಣುವ ಗಂಡನನ್ನು ಎಬ್ಬಿಸದೆ, ಮನೆಯಲ್ಲಿದ್ದ ಒನಕೆಯನ್ನು ಹಿಡಿದು ಆಕೆ ಕಿಂಡಿಯ ಬಾಯಲ್ಲಿ ನಿಂತಳು. ತಲೆ ತೂರಿಸಿದವನು ತೂರಿಸಿದಂತೆಯೇ ಉರುಳಿದನು. ಜನರ ನೆನಪಿನಲ್ಲಿ ಉಳಿದು ಬಂದಿರುವ ಕಥೆ ಇದು. 2021ರಿಂದ ಕರ್ನಾಟಕ ಸರಕಾರವು ನವೆಂಬರ್ 11ರಂದು ಓಬವ್ವನ ಜಯಂತಿಯನ್ನು ಆಚರಿಸುತ್ತಿದೆ. ದುರ್ಗದ ಕ್ರೀಡಾಂಗಣಕ್ಕೂ ಆಕೆಯದೇ ಹೆಸರು.

ಹುಡುಗನು ಕಿಂಡಿಯ ಬಾಯಲ್ಲಿ ಕುಳಿತು, ಒಳಗೆ ಬಗ್ಗಿ ನೋಡಿ, ತಿರುಗಿ ಕೇಳಿದ ಪ್ರಶ್ನೆ ನಾವು ನಿರೀಕ್ಷಿಸಿದ್ದಲ್ಲ. “ತಾತ, ಒನಕೆ ಅಂದರೆ ನಿಜವಾಗಿ ಏನು? ಸಿನೆಮಾದಲ್ಲಿ ಕೋಲಿನ ಹಾಗಿತ್ತು.”

ನಾವು ಬೆರಗಾದೆವು. ಅವನ ಮನೆಯಲ್ಲಿ ಮಿಕ್ಸಿ ಉಂಟು, ಗ್ರೈಂಡರು ಉಂಟು. ಅಕ್ಕಿ ಚೀಲದಲ್ಲಿ ಬರುವುದು. ನಮ್ಮ ಮನೆಯ ಒನಕೆಯೋ, ಹತ್ತಾರು ವರ್ಷಗಳಿಂದ ಅಟ್ಟದ ಮೇಲೆ ಮಲಗಿದೆ. ಅವನು ಹದಿನೈದು ದಿನ ಅದರ ಕೆಳಗೇ ಮಲಗಿ ಎದ್ದು ಬಂದಿದ್ದನು! ಅರುಂಧತೀ ನ್ಯಾಯವೆಂಬುದೂ ಒಂದುಂಟು. ಮದುವೆಯಲ್ಲಿ ವಧೂವರರಿಗೆ ಸೂಕ್ಷ್ಮವಾದ ಅರುಂಧತಿಯನ್ನು ತೋರಿಸುವವನು ಮೊದಲು ಅದರ ಬಳಿಯ ದೊಡ್ಡ ನಕ್ಷತ್ರವನ್ನು ತೋರಿಸಿ, ಆಮೇಲೆ ಸಣ್ಣದಕ್ಕೆ ಕಣ್ಣನ್ನು ಒಯ್ಯುವನು. ಮಕ್ಕಳಿಗೂ ಹೀಗೆಯೇ ತಿಳಿದದ್ದನ್ನು ಹಿಡಿದು ತಿಳಿಯದ್ದಕ್ಕೆ ಕರೆದೊಯ್ಯಬೇಕು. ಆದರೆ ನಮಗೆ ದೊಡ್ಡ ನಕ್ಷತ್ರವೆಂದು ತೋರಿದ್ದು ಅವನಿಗೆ ಕಾಣಿಸಿರಲೇ ಇಲ್ಲ. ಒನಕೆ ತಿಳಿಯದವನಿಗೆ ಓಬವ್ವ ತಿಳಿಯುವುದು ಹೇಗೆ?

ಅದನ್ನೇ ಹೇಳಿದೆವು. ಗಟ್ಟಿ ಮರದ್ದು, ಹೆಚ್ಚುಕಡಮೆ ಆಳೆತ್ತರ, ತುದಿಗೆ ಕಬ್ಬಿಣದ ಬಳೆ. ಒರಳಿನಲ್ಲಿ ಬತ್ತ ಸುರಿದು, ಎರಡು ಕೈಯಿಂದ ಎತ್ತಿ ಕುಟ್ಟುವುದು. ಒಂದು ಕೈ ದಣಿದರೆ ಇನ್ನೊಂದು ಕೈಗೆ ಬದಲಾಯಿಸುವುದು. ನಿನ್ನ ಮುತ್ತಜ್ಜಿ ನಸುಕಿನಲ್ಲೆದ್ದು ಹಾಗೆ ಕುಟ್ಟುತ್ತಿದ್ದಳು, ಆ ಸದ್ದಿಗೆ ನಾವು ಮಕ್ಕಳು ಏಳುತ್ತಿದ್ದೆವು ಎಂದೆವು. ಹುಡುಗನು ಎದ್ದು ನಿಂತು, ಬರಿಗೈಯಲ್ಲಿ ಒನಕೆ ಎತ್ತಿದಂತೆ ಮಾಡಿ ಹತ್ತು ಸಾರಿ ಕುಟ್ಟಿದನು. ತೋಳನ್ನು ಮುಟ್ಟಿಕೊಂಡು, “ದಿನಾ ಹೀಗೆ ಮಾಡಿದರೆ ತುಂಬ ಶಕ್ತಿ ಬರುತ್ತೆ ಅಲ್ಲವಾ?” ಎಂದನು. ಓಬವ್ವನ ಬಲ ಎಲ್ಲಿಂದ ಬಂದಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾವು ಬರೆಯಲಾರೆವು.

ಆಮೇಲೆ ಅವನು ನೀರಿನ ಬಳಿಗೆ ಹೋಗಿ ಕುಳಿತನು. ಕುಳಿತವನು ಏಳಲೇ ಇಲ್ಲ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ನಮ್ಮ ಕಣ್ಣು ಗಡಿಯಾರದ ಮೇಲೆ. ಇಷ್ಟು ಹೊತ್ತಿನಲ್ಲಿ ಹಿಡಿಂಬೇಶ್ವರಕ್ಕಾದರೂ ಹೋಗಿಬರಬಹುದಿತ್ತಲ್ಲ ಎಂಬ ಹಳೆಯ ರೋಗ ತಲೆಯೆತ್ತಿತು. “ಏಳಪ್ಪಾ” ಎನ್ನಲು ಬಾಯಿ ತೆರೆದಿದ್ದೆವು. ಅಷ್ಟರಲ್ಲಿ ಅವನು ಎದ್ದು, ನೀರಿನಿಂದ ಕಿಂಡಿಗೆ ಹೆಜ್ಜೆ ಎಣಿಸುತ್ತ ನಡೆದನು. ತಿರುಗಿ ಎಣಿಸುತ್ತ ಬಂದನು. “ತಾತ, ನೀವು ಕಿಂಡಿಯ ಹತ್ತಿರ ನಿಂತು ಮೆಲ್ಲಗೆ ಮಾತಾಡಿ. ಇಲ್ಲಿಗೆ ಕೇಳಿಸುತ್ತೋ ನೋಡುತ್ತೇನೆ” ಎಂದನು. ಅರುವತ್ತು ದಾಟಿದ ನಾವು ಬಂಡೆಯ ಸಂದಿಗೆ ಮುಖವಿಟ್ಟು ಶತ್ರುಸೈನಿಕರಂತೆ ಪಿಸುಗುಟ್ಟಬೇಕಾಯಿತು. ಅವನು ನೀರಿನ ಬಳಿ ಕಣ್ಣುಮುಚ್ಚಿ ಕುಳಿತು ಕಿವಿಗೊಟ್ಟನು. ಆ ಅರ್ಧ ಗಂಟೆಯೂ ಅವನು ಕಾಲಹರಣ ಮಾಡುತ್ತಿರಲಿಲ್ಲ. ಕಥೆಯನ್ನು ಪರೀಕ್ಷೆಗೆ ಹಚ್ಚುತ್ತಿದ್ದನು. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ನಾವು ಮಗನನ್ನು ಪರೀಕ್ಷಿಸಿದೆವು. ಈ ಸಲ ಮೊಮ್ಮಗನು ಕೋಟೆಯನ್ನು ಪರೀಕ್ಷಿಸಿದನು. ಎರಡರ ವ್ಯತ್ಯಾಸವನ್ನು ಅರಿಯಲು ನಮಗೆ ಅಷ್ಟು ವರ್ಷ ಹಿಡಿಯಿತು.

“ಬೆಟ್ಟದ ಮೇಲೆ ನೀರು ಎಲ್ಲಿಂದ ಬಂತು?” ಎಂದು ಮತ್ತೆ ಕೇಳಿದನು. ಹಿಂದಿನ ವಾರವಷ್ಟೇ ಅವನಿಗೆ ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ತೋರಿಸಿದ್ದೆವು. 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ತುಂಬಿ ಕೋಡಿ ಬಿದ್ದದ್ದು ಬಿಟ್ಟರೆ, 2022ರವರೆಗೆ ಎಂಬತ್ತೊಂಬತ್ತು ವರ್ಷ ಮತ್ತೆ ಕೋಡಿ ಬಿದ್ದಿರಲಿಲ್ಲ. ನಮ್ಮ ಸೀಮೆಯ ಮಳೆ ಎಂತಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. “ಅಲ್ಲಿ ನದಿಯ ನೀರನ್ನು ಗೋಡೆ ಕಟ್ಟಿ ತಡೆದರು. ಇಲ್ಲಿ ನದಿಯಿಲ್ಲ. ಬಂಡೆಯ ಮೇಲೆ ಬಿದ್ದ ಮಳೆಯನ್ನೇ ಹೊಂಡಗಳಲ್ಲಿ ಹಿಡಿದರು. ಮೇಲಿನ ಹೊಂಡ ತುಂಬಿದರೆ ಕೆಳಗಿನದಕ್ಕೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಒಂದು ಹನಿಯೂ ಹಾಳಾಗಬಾರದೆಂದು ಹಾಗೆ ಮಾಡಿದ್ದರು” ಎಂದೆವು. ಕೇಳಿದ್ದಕ್ಕೆ ಹೇಳಿದ್ದಾದುದರಿಂದ ಇದು ಪಾಠವಾಗಲಿಲ್ಲವೆಂದು ನಂಬಿದ್ದೇವೆ.

ಬುತ್ತಿಯನ್ನು ಬಂಡೆಯ ನೆರಳಿನಲ್ಲಿ ಬಿಚ್ಚಿದೆವು. ಚಿತ್ರಾನ್ನವನ್ನು ತಿನ್ನುತ್ತ ಹುಡುಗನು, “ಕೊನೆಗೆ ದುರ್ಗ ಗೆದ್ದಿತಾ?” ಎಂದನು.

ಇಲ್ಲಿ ನಮ್ಮ ಧೈರ್ಯ ಕೊಂಚ ಅಳುಕಿತು. ಓಬವ್ವನು ಅಂದು ಕೋಟೆಯನ್ನು ಉಳಿಸಿದಳೆಂದು ಹೇಳಿ ಮುಗಿಸಿಬಿಡಬಹುದಾಗಿತ್ತು. ಆದರೆ ಮಕ್ಕಳಿಗೆ ಅರ್ಧ ಹೇಳಿದ ಕಥೆಯು ಮುಂದೆ ಎಂದಾದರೊಂದು ದಿನ ಸುಳ್ಳಾಗಿ ತೋರುವುದು. ಆದುದರಿಂದ ಇದ್ದುದನ್ನು ಹೇಳಿದೆವು. ಆ ದಿನದ ಕಾಳಗದಲ್ಲಿಯೇ ಓಬವ್ವ ಮಡಿದಳೆಂದು ಕಥೆ. ಮುಂದೆ 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಕೊನೆಯ ಮದಕರಿ ನಾಯಕನು ಸೆರೆಯಾದನು. ಹುಡುಗನು ತಿನ್ನುವುದನ್ನು ನಿಲ್ಲಿಸಿದನು. ಬಹಳ ಹೊತ್ತಿನ ಮೇಲೆ, “ಹಾಗಾದರೆ ಸೋತವರನ್ನೂ ಜನ ನೆನಪಿಟ್ಟುಕೊಳ್ಳುತ್ತಾರಾ?” ಎಂದು ಕೇಳಿದನು. “ನೀನೇ ನೋಡುತ್ತಿದ್ದೀಯಲ್ಲ” ಎಂದಷ್ಟೇ ಹೇಳಿದೆವು.

ಆಗ ಅವನ ಮನಸ್ಸಿನಲ್ಲಿದ್ದದ್ದು ಹೊರಬಂದಿತು. ಹದಿನೈದು ದಿನ ನಮ್ಮ ಮನೆಯಲ್ಲಿ ಆಡಿಕೊಂಡಿದ್ದ ಹುಡುಗನು ಒಮ್ಮೆಯೂ ಪುಣೆಯ ಮಾತನ್ನೆತ್ತಿರಲಿಲ್ಲ. “ತಾತ, ಅಲ್ಲಿ ಮರಾಠಿ ಅಂತೆ. ನನಗೆ ಒಂದು ಮಾತೂ ಬರುವುದಿಲ್ಲ. ಶಾಲೆಯಲ್ಲಿ ಎಲ್ಲರೂ ನಗುತ್ತಾರೆ” ಎಂದನು. ಕಣ್ಣಿನಲ್ಲಿ ನೀರು ತುಂಬಿದ್ದಿತು.

ನಾವು ಸಮಾಧಾನದ ಮಾತುಗಳನ್ನು ಹುಡುಕಲಿಲ್ಲ. ನಲುವತ್ತು ವರ್ಷ ಓದಿದ ಸಂಸ್ಕೃತವು ಆ ಗಳಿಗೆಯಲ್ಲಿ ಕೈಹಿಡಿಯಿತು. “ಒನಕೆಗೆ ಸಂಸ್ಕೃತದಲ್ಲಿ ಮುಸಲ ಎಂದು ಹೆಸರು. ಮರಾಠಿಯಲ್ಲಿ ಮುಸಳ ಅನ್ನುತ್ತಾರೆ. ನೋಡು, ಒಂದು ಮಾತು ಬಂದಿತು. ಪುಣೆಯಲ್ಲೂ ಶನಿವಾರವಾಡೆ ಎಂಬ ಕೋಟೆಗೋಡೆಯ ಅರಮನೆಯಿದೆ. ಬಾಜೀರಾಯ ಪೇಶ್ವೆ ಕಟ್ಟಿಸಿದ್ದು. ಅದರ ಬಾಗಿಲುಗಳಿಗೆ ಆನೆ ಗುದ್ದದಂತೆ ಮೊಳೆಗಳನ್ನು ಹೊಡೆದಿದ್ದಾರೆ. ಅಲ್ಲಿಯ ಹುಡುಗರಿಗೆ ನೀನು ಒನಕೆ ಕಿಂಡಿಯ ಕಥೆ ಹೇಳು, ಅವರು ನಿನಗೆ ಅವರ ಕೋಟೆಯ ಕಥೆ ಹೇಳುತ್ತಾರೆ” ಎಂದೆವು. ಅವನು “ಮುಸಳ, ಮುಸಳ” ಎಂದು ಎರಡು ಸಾರಿ ಹೇಳಿಕೊಂಡು, ಉಳಿದ ಚಿತ್ರಾನ್ನವನ್ನು ತಿಂದು ಮುಗಿಸಿದನು. ಒಂದು ಮಾತಿನಿಂದ ಪರದೇಶವೇನೂ ಸ್ವದೇಶವಾಗುವುದಿಲ್ಲ. ಆದರೆ ಬರಿಗೈಯಲ್ಲಿ ಹೋಗುವುದಕ್ಕೂ ಒನಕೆ ಹಿಡಿದು ಹೋಗುವುದಕ್ಕೂ ವ್ಯತ್ಯಾಸವುಂಟಷ್ಟೆ.

ಹನ್ನೆರಡು ಗಂಟೆಗೆ ನಿಲ್ದಾಣದಲ್ಲಿದ್ದೆವು. ಹುಡುಗನ ಕಾಲಿನಲ್ಲಿ ಬೊಬ್ಬೆಯಿರಲಿಲ್ಲ, ನಾವು ನೋಡಿದೆವು.

ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಕೆಲವು ವಿಷಯಗಳನ್ನು ಇಲ್ಲಿ ಸಂಗ್ರಹಿಸುವೆವು. ದುರ್ಗದಲ್ಲಿ ಎರಡೇ ಗಂಟೆಯ ಬಿಡುವಿದ್ದರೆ ಕೋಟೆಯನ್ನು ಹತ್ತುವ ಯೋಚನೆ ಕೂಡದು. ಊರೊಳಗೇ ರಂಗಯ್ಯನ ಬಾಗಿಲಿನಲ್ಲಿ ಸರಕಾರದ ವಸ್ತುಸಂಗ್ರಹಾಲಯವಿದೆ, ಅದರ ರಜಾದಿನವನ್ನು ವಿಚಾರಿಸಿಕೊಂಡು ಹೋಗತಕ್ಕದ್ದು. ನಾಲ್ಕೈದು ಗಂಟೆಯಿದ್ದರೆ ಕೋಟೆಯ ಒಂದು ಭಾಗ. ಇಡೀ ದಿನವಿದ್ದರೆ ಬೆಳಗ್ಗೆ ಕೋಟೆ, ಸಂಜೆ ಚಂದ್ರವಳ್ಳಿ; ನಡುವೆ ಮಗುವಿಗೆ ನಿದ್ದೆ. ಬೇಸಗೆಯಲ್ಲಿ ಹತ್ತು ಗಂಟೆಯ ಮೇಲೆ ಬಂಡೆ ಕಾದಿರುವುದು. ಮಳೆಗಾಲದಲ್ಲಿ ಅದೇ ಬಂಡೆ ಜಾರುವುದು. ಹೊಂಡಗಳ ಅಂಚಿನಲ್ಲಿ ಮಗುವಿನ ಕೈಬಿಡಕೂಡದು. ತಿಂಡಿಯನ್ನು ಕೈಯಲ್ಲಿ ಹಿಡಿದು ನಡೆದರೆ ಕೋತಿಗಳು ಬಿಡವು. ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳುವುದಾದರೆ, ನೋಡಬೇಕಾದ ಸ್ಥಳವನ್ನೂ ಕೊಡುವ ಹಣವನ್ನೂ ಮೊದಲೇ ಹೇಳಿಬಿಡುವುದು ಲೇಸು.

ಈ ಕ್ರಮವು ದುರ್ಗಕ್ಕೆ ಮಾತ್ರ ಸಲ್ಲತಕ್ಕದ್ದಲ್ಲ. ಬೆಂಗಳೂರಿನಲ್ಲಿ ರೈಲು ಬದಲಾಯಿಸುವವರಿಗೆ ಲಾಲ್‌ಬಾಗು ಒಂದೇ ಸಾಕು. ಅಲ್ಲಿಯೂ 1889ರ ಗಾಜಿನ ಮನೆಯೋ, ಕೆಂಪೇಗೌಡರ ಗೋಪುರವಿರುವ ಆ ಪುರಾತನ ಬಂಡೆಯೋ, ಮಗುವಿಗೆ ಯಾವುದು ಹಿಡಿಸುವುದೋ ಅದು. ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ವಸ್ತುಸಂಗ್ರಹಾಲಯಕ್ಕೆ ಹೋದರೆ ಒಂದೇ ಅಂತಸ್ತನ್ನು ನೋಡಿ ಇಳಿಯಬೇಕು. ಹುಬ್ಬಳ್ಳಿಯಲ್ಲಿ ಕಾಯುವವರಿಗೆ ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯವೊಂದು ಸಾಲದೆ? ಊರು ಯಾವುದಾದರೂ ಆಗಲಿ, ಆರಿಸಿಕೊಳ್ಳುವ ಅಧಿಕಾರ ಮಗುವಿನದು. ಗಡಿಯಾರವೂ ನೀರಿನ ಸೀಸೆಯೂ ಹಿರಿಯರವು. ಬಿಟ್ಟುಹೋದ ಸ್ಥಳಗಳನ್ನು ನಷ್ಟವೆಂದು ಎಣಿಸಕೂಡದು. ಅವು ಮತ್ತೊಮ್ಮೆ ಬರಲು ಉಳಿಸಿಟ್ಟ ಕಾರಣಗಳು. ಎಲ್ಲವನ್ನೂ ತೋರಿಸಿಬಿಟ್ಟ ಊರಿಗೆ ಮಗುವು ತಿರುಗಿ ಹೋಗುವುದಿಲ್ಲವೆಂಬುದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡವರು.

ಶಿವಮೊಗ್ಗೆಯ ನಿಲ್ದಾಣಕ್ಕೆ ಮಗನು ಬಂದಿದ್ದನು. ಹುಡುಗನು ಇಳಿದೊಡನೆ ಅವನ ಕೈಹಿಡಿದು, “ಅಪ್ಪಾ, ನೀನು ಒನಕೆ ಕಿಂಡಿ ನೋಡಿದ್ದೀಯಾ?” ಎಂದು ಕೇಳಿದನು.

ಮಗನು ನಮ್ಮ ಕಡೆ ನೋಡಿ ನಕ್ಕನು. “ನೋಡಿದ್ದೇನೆ ಕಣೋ. ಆದರೆ ಚಪ್ಪಲಿ ಕಚ್ಚಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ.”

“ಹಾಗಾದರೆ ನಾನು ತೋರಿಸುತ್ತೇನೆ. ಬೇಸಗೆ ರಜಕ್ಕೆ ಪುಣೆಯಿಂದ ತಾತನ ಊ‍ರಿಗೆ ಬರುವಾಗ ದುರ್ಗ ದಾರಿಯಲ್ಲೇ ಸಿಗುತ್ತಂತೆ. ನೀನು ಕಿಂಡಿಯ ಹತ್ತಿರ ಪಿಸುಗುಟ್ಟಬೇಕು. ನಾನು ನೀರಿನ ಹತ್ತಿರ ಕೂತಿರುತ್ತೇನೆ.”

ಮಗನು ಏನೂ ಹೇಳಲಿಲ್ಲ. ನಮ್ಮ ಹೆಗಲಿನ ಚೀಲವನ್ನು ತೆಗೆದು ತಾನು ಹಾಕಿಕೊಂಡನು. ಸ್ವಲ್ಪ ದೂರ ನಡೆದ ಮೇಲೆ, “ಆಗಲಿ, ನಿಲ್ಲಿಸೋಣ” ಎಂದನು.

ಹಿರಿಯೂರಿಗೆ ಹಿಂದಿರುಗಿದ ಮಾರನೆಯ ದಿನ ನಾವು ಏಣಿ ಹಾಕಿ ಅಟ್ಟ ಹತ್ತಿದೆವು. ಒನಕೆಯನ್ನಿಳಿಸಿ, ಧೂಳೊರೆಸಿ, ನಡುಮನೆಯ ಮೂಲೆಯಲ್ಲಿ ನಿಲ್ಲಿಸಿದೆವು. ಮನೆಯಾಕೆ ಅಡಿಗೆಯ ಮನೆಯಿಂದ ಬಂದು, ಅದನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ತುದಿಯ ಬಳೆಯನ್ನು ಬೆರಳಿನಿಂದ ಸವರಿದಳು.

“ಬೇಸಗೆಯವರೆಗೆ ಗೆದ್ದಲು ಹತ್ತದಂತೆ ನೋಡಿಕೊಳ್ಳಿ” ಎಂದಳು.